ಮೂರನೆಯ ಸಲ ಬಂದವರು: ಅಮೆರಿಕದ ಡ್ರಗ್ ಕೋರ್ಟುಗಳು ಮತ್ತು ಹಳೆಯ ಅಪರಾಧಗಳ ಲೆಕ್ಕ

1966ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಸಹಿಯಿಂದ ಕಾನೂನಾದ ಮಾದಕ ವ್ಯಸನಿಗಳ ಪುನರ್ವಸತಿ ಕಾಯ್ದೆಯು, ಒಕ್ಕೂಟ ಸರ್ಕಾರದ ಕಾನೂನನ್ನು ಮುರಿದು ಸಿಕ್ಕಿಬಿದ್ದ ವ್ಯಸನಿಯನ್ನು ಸಾಮಾನ್ಯ ಸೆರೆಮನೆಗೆ ಕಳುಹಿಸುವ ಬದಲು, ಹತ್ತು ವರ್ಷ ಮೀರದ ಅವಧಿಗೆ ಚಿಕಿತ್ಸೆಗಾಗಿ ಒಪ್ಪಿಸುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟಿತು. ವ್ಯಸನವನ್ನು ರೋಗವೆಂದು ಒಪ್ಪಿಕೊಂಡಂತೆ ತೋರುವ ಈ ಕಾಯ್ದೆ, ಯಾರು ಇದಕ್ಕೆ ಅರ್ಹರಲ್ಲ ಎಂಬುದನ್ನು ಹೇಳುವಾಗ ರೋಗದ ಮಾತನ್ನು ಬಿಟ್ಟು ಪೊಲೀಸ್ ಕಡತದ ಮಾತಿಗೆ ಇಳಿಯಿತು. ಹಿಂಸೆಯ ಅಪರಾಧ ಎಸಗಿದವರು, ತಮ್ಮ ಚಟಕ್ಕೆ ಹಣ ಹೊಂದಿಸುವುದಕ್ಕಾಗಿಯಲ್ಲದೆ ಲಾಭಕ್ಕಾಗಿ ಮಾದಕ ವಸ್ತು ಮಾರಿದವರು, ಹಿಂದೆ ಮೂರು ಸಲ ಇಂಥ ಚಿಕಿತ್ಸೆಗೆ ಒಪ್ಪಿಸಲ್ಪಟ್ಟವರು ಹೊರಗುಳಿಯಬೇಕಿತ್ತು. ಇವರೊಂದಿಗೆ, ಹಿಂದೆ ಎರಡು ಅಥವಾ ಹೆಚ್ಚು ಬಾರಿ ಫೆಲೊನಿ ಅಪರಾಧ ಸಾಬೀತಾಗಿ ಶಿಕ್ಷೆಗೊಳಗಾದವರೆಲ್ಲರೂ ಹೊರಗುಳಿಯಬೇಕಿತ್ತು. ಒಂದು ವರ್ಷಕ್ಕಿಂತ ಹೆಚ್ಚಿನ ಸೆರೆವಾಸ ವಿಧಿಸಬಹುದಾದ ಅಪರಾಧವನ್ನು ಅಮೆರಿಕದಲ್ಲಿ ಫೆಲೊನಿ ಎನ್ನುತ್ತಾರೆ. ಅದರಲ್ಲಿ ಕೊಲೆಯೂ ಸೇರುತ್ತದೆ, ನಕಲಿ ಸಹಿ ಹಾಕಿ ಚೆಕ್ಕು ಮುರಿಸುವುದೂ ಸೇರುತ್ತದೆ, ಅನೇಕ ರಾಜ್ಯಗಳಲ್ಲಿ ಚಿಟಿಕೆಯಷ್ಟು ಹೆರಾಯಿನ್ ಜೇಬಿನಲ್ಲಿಟ್ಟುಕೊಳ್ಳುವುದೂ ಸೇರುತ್ತದೆ. ಚಟ ಹಳೆಯದಾದಷ್ಟೂ ಶಿಕ್ಷೆಗಳ ಪಟ್ಟಿ ಉದ್ದವಾಗುತ್ತ ಹೋಗುವುದು ಸಹಜವಾಗಿದ್ದರಿಂದ, ರೋಗ ಯಾರಲ್ಲಿ ಬಲವಾಗಿ ಬೇರೂರಿತ್ತೋ ಅವರಿಗೇ ಆಸ್ಪತ್ರೆಯ ಬಾಗಿಲು ಮುಚ್ಚಿದಂತಾಯಿತು. ಮುಂದಿನ ಅರ್ಧ ಶತಮಾನದಲ್ಲಿ ಡ್ರಗ್ ಕೋರ್ಟ್ ಎಂಬ ಹೊಸ ಸಂಸ್ಥೆ ಹುಟ್ಟಿ ದೇಶದ ಉದ್ದಗಲಕ್ಕೂ ಹರಡಿದಾಗಲೂ ಈ ಷರತ್ತು ಬೇರೆ ಬೇರೆ ರೂಪದಲ್ಲಿ ಅದರೊಂದಿಗೇ ಸಾಗಿತು.

ಕಾಯ್ದೆಯ ಹಿನ್ನೆಲೆಯಲ್ಲಿ ಎರಡು ವಿರುದ್ಧ ಧಾರೆಗಳಿದ್ದವು. 1914ರ ಹ್ಯಾರಿಸನ್ ಕಾಯ್ದೆಯಿಂದ ಆರಂಭವಾದ ನಿಯಂತ್ರಣವು 1951ರ ಬಾಗ್ಸ್ ಕಾಯ್ದೆ ಮತ್ತು 1956ರ ಮಾದಕ ವಸ್ತು ನಿಯಂತ್ರಣ ಕಾಯ್ದೆಗಳ ಹೊತ್ತಿಗೆ, ನ್ಯಾಯಾಧೀಶರು ಇಳಿಸಲಾಗದಂಥ ಕಡ್ಡಾಯ ಕನಿಷ್ಠ ಶಿಕ್ಷೆಗಳಾಗಿ ಬೆಳೆದಿತ್ತು. ಎರಡನೆಯ, ಮೂರನೆಯ ಸಲ ಸಿಕ್ಕಿಬಿದ್ದವರಿಗೆ ಶಿಕ್ಷೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಇನ್ನೊಂದು ಕಡೆ, ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿ 1935ರಲ್ಲಿಯೂ ಟೆಕ್ಸಸ್ಸಿನ ಫೋರ್ಟ್ ವರ್ತ್‌ನಲ್ಲಿ 1938ರಲ್ಲಿಯೂ ಅರ್ಧ ಸೆರೆಮನೆ, ಅರ್ಧ ಆಸ್ಪತ್ರೆಯಂಥ ಸಂಸ್ಥೆಗಳನ್ನು ಒಕ್ಕೂಟ ಸರ್ಕಾರ ತೆರೆದಿತ್ತು. 1962ರಲ್ಲಿ ರಾಬಿನ್ಸನ್ ಮತ್ತು ಕ್ಯಾಲಿಫೋರ್ನಿಯಾ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ವ್ಯಸನಿಯಾಗಿರುವುದನ್ನೇ ಅಪರಾಧವೆಂದು ಎಣಿಸಿ ಶಿಕ್ಷಿಸುವುದು ಸಂವಿಧಾನ ನಿಷೇಧಿಸಿರುವ ಕ್ರೂರ ಶಿಕ್ಷೆಯಾಗುತ್ತದೆ ಎಂದು ತೀರ್ಪಿತ್ತಿತು. ಹಾಗಿದ್ದೂ ಆ ತೀರ್ಪು, ಮಾದಕ ವಸ್ತುವನ್ನು ಇಟ್ಟುಕೊಳ್ಳುವುದನ್ನು ಅಥವಾ ಅದಕ್ಕಾಗಿ ಕದಿಯುವುದನ್ನು ಶಿಕ್ಷಿಸಬಾರದೆಂದು ಹೇಳಲಿಲ್ಲ. ವ್ಯಸನಿಯ ಸ್ಥಿತಿಗೆ ಸಿಕ್ಕ ರಕ್ಷಣೆ ಅವನ ಕೃತ್ಯಗಳಿಗೆ ಸಿಗಲಿಲ್ಲ.

ಎರಡು ಶಿಕ್ಷೆಗಳ ಷರತ್ತು 1974ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಪರೀಕ್ಷೆಗೆ ಒಳಗಾಯಿತು. ಅಪರಾಧ ಎಸಗುವ ಉದ್ದೇಶದಿಂದ ಬ್ಯಾಂಕೊಂದನ್ನು ಹೊಕ್ಕಿದ್ದಾಗಿ ತಪ್ಪೊಪ್ಪಿಕೊಂಡು ಹತ್ತು ವರ್ಷದ ಶಿಕ್ಷೆ ಪಡೆದಿದ್ದ ಮಾರ್ಷಲ್ ಎಂಬ ಅರ್ಜಿದಾರ, ತನ್ನ ಹಿಂದಿನ ಮೂರು ಶಿಕ್ಷೆಗಳ ಕಾರಣಕ್ಕೆ ಚಿಕಿತ್ಸೆಯಿಂದ ವಂಚಿತನಾಗುವುದು ಕಾನೂನಿನ ಸಮಾನ ರಕ್ಷಣೆಗೆ ವಿರುದ್ಧವೆಂದು ವಾದಿಸಿದ್ದ. ಬಹುಮತದ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್, ವ್ಯಸನದ ಚಿಕಿತ್ಸೆ ಇನ್ನೂ ಅನಿಶ್ಚಿತವಾದ ಕ್ಷೇತ್ರವಾಗಿರುವಾಗ, ಪದೇ ಪದೇ ಅಪರಾಧ ಮಾಡಿದವನಿಗೆ ಚಿಕಿತ್ಸೆ ಹಿಡಿಸುವ ಸಂಭವ ಕಡಿಮೆ, ಅವನಿಂದ ಇತರ ರೋಗಿಗಳಿಗೆ ತೊಂದರೆಯಾಗಬಹುದು, ಬಿಡುಗಡೆಯಾದ ಮೇಲೆ ಸಮಾಜಕ್ಕೆ ಅಪಾಯ ಹೆಚ್ಚು ಎಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಭಾವಿಸಿದ್ದರೆ ಅದನ್ನು ಅವಿವೇಕವೆನ್ನಲಾಗದು ಎಂದರು. ಅರ್ಜಿದಾರನ ಹೆಸರನ್ನೇ ಹೊತ್ತಿದ್ದ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಭಿನ್ನಮತ ಬರೆದರು. ನ್ಯಾಯಮೂರ್ತಿಗಳಾದ ಡಗ್ಲಸ್ ಮತ್ತು ಬ್ರೆನನ್ ಮಾರ್ಷಲ್ ಅವರೊಂದಿಗೆ ನಿಂತರು. ವ್ಯಸನಿಯ ಹಳೆಯ ಅಪರಾಧಗಳು ಬಹುಮಟ್ಟಿಗೆ ವ್ಯಸನದ ಫಲವೇ ಆಗಿರುವಾಗ, ಅವುಗಳ ಸಂಖ್ಯೆಯನ್ನು ಎಣಿಸಿ ಗುಣವಾಗುವ ಸಾಧ್ಯತೆಯನ್ನು ಅಳೆಯಲು ಹೊರಡುವುದರಲ್ಲಿ ತರ್ಕವಿಲ್ಲವೆಂಬುದು ಅವರ ವಾದದ ತಿರುಳು. ಬಹುಮತದ ತೀರ್ಪು ಹಳೆಯ ದಾಖಲೆಯಿಂದ ಗುಣವಾಗುವ ಸಂಭವವನ್ನು ಊಹಿಸಬಹುದೆಂದು ಸಾಧಿಸಿ ತೋರಿಸಲಿಲ್ಲ, ಹಾಗೆ ಊಹಿಸುವುದು ಶಾಸಕಾಂಗಕ್ಕೆ ಬಿಟ್ಟ ವಿಷಯವೆಂದಷ್ಟೇ ಹೇಳಿತು ಎಂಬ ಸೂಕ್ಷ್ಮ ಇಲ್ಲಿ ಮುಖ್ಯವಾದುದು. ಊಹೆ ಸರಿಯೇ ಎಂಬ ಪ್ರಶ್ನೆಗೆ ಉತ್ತರ ಬರಲು ಇನ್ನೂ ಮೂರು ದಶಕಗಳೇ ಹಿಡಿದವು.

ಆ ತೀರ್ಪಿಗೆ ಕೆಲವೇ ತಿಂಗಳುಗಳ ಮೊದಲು, 1973ರಲ್ಲಿ, ನ್ಯೂಯಾರ್ಕ್ ರಾಜ್ಯದ ಗವರ್ನರ್ ನೆಲ್ಸನ್ ರಾಕ್‌ಫೆಲ್ಲರ್ ದೇಶದಲ್ಲೇ ಅತಿ ಕಠಿಣವೆನಿಸಿದ ಮಾದಕ ವಸ್ತು ಕಾನೂನುಗಳನ್ನು ತಂದಿದ್ದರು. ಅದರ ಜೊತೆಗೇ ಬಂದ ‘ಎರಡನೆಯ ಫೆಲೊನಿ’ ನಿಯಮದಂತೆ, ಹತ್ತು ವರ್ಷಗಳೊಳಗೆ ಎರಡನೆಯ ಬಾರಿ ಫೆಲೊನಿಗೆ ಸಿಕ್ಕವನಿಗೆ ಸೆರೆವಾಸ ಕಡ್ಡಾಯ; ಮಾರಾಟದ ಆರೋಪವಾದರೆ ಎಷ್ಟೋ ಸಂದರ್ಭಗಳಲ್ಲಿ ನಾಲ್ಕೂವರೆ ವರ್ಷಕ್ಕಿಂತ ಕಡಿಮೆ ಶಿಕ್ಷೆ ವಿಧಿಸುವಂತಿರಲಿಲ್ಲ. ಹಳೆಯ ಶಿಕ್ಷೆ ಎಂಬುದು ಚಿಕಿತ್ಸೆಯಿಂದ ಹೊರಗಿಡುವ ಕಾರಣವಾಗಿದ್ದುದು, ನ್ಯಾಯಾಧೀಶನ ವಿವೇಚನೆಯನ್ನೇ ಕಿತ್ತುಕೊಳ್ಳುವ ಕಾರಣವಾಯಿತು. 1986ರಲ್ಲಿ ಕ್ರ್ಯಾಕ್ ಕೊಕೇನಿನ ಹಾವಳಿಯ ನಡುವೆ ಬಂದ ಒಕ್ಕೂಟದ ಕಾಯ್ದೆ, ಐದು ಗ್ರಾಮ್ ಕ್ರ್ಯಾಕಿಗೂ ಐನೂರು ಗ್ರಾಮ್ ಪುಡಿ ಕೊಕೇನಿಗೂ ಒಂದೇ ಕನಿಷ್ಠ ಶಿಕ್ಷೆಯನ್ನು ಗೊತ್ತುಪಡಿಸಿತು. ಕ್ರ್ಯಾಕ್ ಪ್ರಕರಣಗಳಲ್ಲಿ ಶಿಕ್ಷೆಯಾದವರಲ್ಲಿ ಕಪ್ಪು ಜನರೇ ಬಹುಪಾಲು. ಒಬ್ಬನ ಹಳೆಯ ದಾಖಲೆ ಎಷ್ಟು ಉದ್ದವಾಗಿದೆ ಎಂಬುದು ಅವನು ಏನು ಮಾಡಿದ ಎಂಬುದರ ಜೊತೆಗೆ, ಅವನ ಓಣಿಯಲ್ಲಿ ಪೊಲೀಸರು ಎಷ್ಟು ಓಡಾಡುತ್ತಿದ್ದರು ಎಂಬುದನ್ನೂ ಅವಲಂಬಿಸಿತ್ತೆನ್ನುವುದನ್ನು ಮರೆತು ಈ ಇತಿಹಾಸವನ್ನು ಓದಲಾಗದು.

ಡ್ರಗ್ ಕೋರ್ಟ್ ಹುಟ್ಟಿದ್ದು ಈ ಬಂಧನಗಳ ಪ್ರವಾಹದಲ್ಲಿ, ಸಿದ್ಧಾಂತಕ್ಕಿಂತ ಹೆಚ್ಚಾಗಿ ಸೆರೆಮನೆಯಲ್ಲಿ ಜಾಗವಿಲ್ಲದ ಕಾರಣಕ್ಕೆ. ಫ್ಲಾರಿಡಾದ ಮಯಾಮಿಯನ್ನೊಳಗೊಂಡ ಡೇಡ್ ಕೌಂಟಿಯಲ್ಲಿ (ಕೌಂಟಿ ಎಂದರೆ ರಾಜ್ಯದೊಳಗಿನ ಜಿಲ್ಲೆ) ನ್ಯಾಯಾಧೀಶ ಹರ್ಬರ್ಟ್ ಕ್ಲೈನ್ ಯೋಜನೆ ರೂಪಿಸಿದರು. ಮುಂದೆ ದೇಶದ ಅಟಾರ್ನಿ ಜನರಲ್ ಆದ ಜ್ಯಾನೆಟ್ ರೀನೋ ಆಗ ಅಲ್ಲಿನ ಸರ್ಕಾರಿ ಅಭಿಯೋಜಕರಾಗಿದ್ದು ಅದಕ್ಕೆ ಬೆಂಬಲವಿತ್ತರು. 1989ರಲ್ಲಿ ನ್ಯಾಯಾಧೀಶ ಸ್ಟಾನ್ಲಿ ಗೋಲ್ಡ್‌ಸ್ಟೈನ್ ಮೊದಲ ಪೀಠದಲ್ಲಿ ಕುಳಿತರು. ಅಲ್ಲಿ ಆರೋಪಿಗೆ ಎದುರಾಗುತ್ತಿದ್ದುದು ವಿಚಾರಣೆಯಲ್ಲ, ಒಂದು ಒಪ್ಪಂದ: ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಚಿಕಿತ್ಸೆ ಪಡೆಯಬೇಕು, ಪದೇ ಪದೇ ಮೂತ್ರ ಪರೀಕ್ಷೆಗೆ ಒಳಗಾಗಬೇಕು, ಆಗಾಗ ಅದೇ ನ್ಯಾಯಾಧೀಶರ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕು, ತಪ್ಪಿದರೆ ಗದರಿಕೆ, ಸಮುದಾಯ ಸೇವೆ, ಕೆಲವು ದಿನಗಳ ಜೈಲು, ಮುಗಿಸಿದರೆ ಮೊಕದ್ದಮೆ ವಜಾ. ಅಭಿಯೋಜಕರೂ ಪ್ರತಿವಾದಿಯ ವಕೀಲರೂ ವಾದಕ್ಕಿಳಿಯದೆ ಒಂದೇ ತಂಡವಾಗಿ ಕೆಲಸ ಮಾಡುವ ಈ ಪದ್ಧತಿ ಹೊಸದಾಗಿತ್ತು. ಮಯಾಮಿಯವರು ಚಿಕಿತ್ಸೆಯಲ್ಲಿ ಅಕ್ಯುಪಂಕ್ಚರನ್ನೂ ಸೇರಿಸಿದ್ದರು.

ಆದರೆ ಇಂಥ ಪ್ರಯೋಗವನ್ನು ಆ ಕಾಲದ ರಾಜಕಾರಣದಲ್ಲಿ ಉಳಿಸಿಕೊಳ್ಳಬೇಕಾದರೆ, ಅಲ್ಲಿ ಬರುವವರು ನಿರುಪದ್ರವಿಗಳೆಂದು ಮತದಾರರಿಗೆ ಭರವಸೆ ಕೊಡುವುದು ಅನಿವಾರ್ಯವಾಗಿತ್ತು. ಬಿಡುಗಡೆಯಾದ ಒಬ್ಬನೇ ಒಬ್ಬ ಘೋರ ಕೃತ್ಯ ಎಸಗಿದರೆ ಇಡೀ ಕಾರ್ಯಕ್ರಮವೇ ಮುಳುಗುತ್ತದೆಂಬ ಭಯ ಎಲ್ಲೆಡೆ ಇತ್ತು. ಅಧ್ಯಕ್ಷ ಬಿಲ್ ಕ್ಲಿಂಟನ್ 1994ರ ಸೆಪ್ಟೆಂಬರಿನಲ್ಲಿ ಸಹಿ ಹಾಕಿದ ಬೃಹತ್ ಅಪರಾಧ ನಿಯಂತ್ರಣ ಕಾಯ್ದೆ ಡ್ರಗ್ ಕೋರ್ಟುಗಳಿಗೆ ಒಕ್ಕೂಟದ ಅನುದಾನವನ್ನು ತೆರೆಯಿತು, ಜೊತೆಗೇ ಆ ಭಯವನ್ನು ಕಾನೂನಿನ ಭಾಷೆಗೆ ಇಳಿಸಿತು. ಅನುದಾನ ಪಡೆಯುವ ಯಾವ ಕಾರ್ಯಕ್ರಮದಲ್ಲೂ ‘ಹಿಂಸಾತ್ಮಕ ಅಪರಾಧಿ’ ಭಾಗವಹಿಸಕೂಡದು. ಭಾಗವಹಿಸಿದ್ದು ಕಂಡುಬಂದರೆ ಆತನನ್ನು ಹೊರಹಾಕುವವರೆಗೆ ಹಣ ತಡೆಹಿಡಿಯಲಾಗುವುದು. ಆ ಹೆಸರಿನ ವ್ಯಾಖ್ಯೆಯೂ ವಿಶಾಲವಾಗಿತ್ತು. ಸಾವು ಅಥವಾ ತೀವ್ರ ಗಾಯ ಮಾಡುವ ಉದ್ದೇಶದಿಂದ ಬಲಪ್ರಯೋಗ ನಡೆಸಿದ ಫೆಲೊನಿಗಾಗಿ ಹಿಂದೆ ಒಂದೇ ಒಂದು ಸಲ ಶಿಕ್ಷೆಯಾಗಿದ್ದರೂ, ಅದು ಎಷ್ಟು ಹಳೆಯದಾಗಿದ್ದರೂ ಸಾಕಿತ್ತು. ಈಗಿನ ಪ್ರಕರಣದ ಮಟ್ಟಿಗೆ ಅಪರಾಧ ಸಾಬೀತಾಗಲೇಬೇಕೆಂದಿರಲಿಲ್ಲ, ಆರೋಪವಿದ್ದರೆ ಸಾಕು; ಕೃತ್ಯದ ಸಮಯದಲ್ಲಿ ಬಂದೂಕು ಬಳಿಯಲ್ಲಿದ್ದರೆ, ಅದನ್ನು ಬಳಸದಿದ್ದರೂ ಸಾಕು. ಇಪ್ಪತ್ತನೆಯ ವಯಸ್ಸಿನಲ್ಲಿ ಹೊಡೆದಾಟವೊಂದರಲ್ಲಿ ಶಿಕ್ಷೆಯಾಗಿ, ನಲವತ್ತನೆಯ ವಯಸ್ಸಿನಲ್ಲಿ ಹೆರಾಯಿನಿನೊಂದಿಗೆ ಸಿಕ್ಕಿಬಿದ್ದವನು ಈ ವ್ಯಾಖ್ಯೆಯೊಳಗೆ ಸುಲಭವಾಗಿ ಬೀಳಬಹುದಿತ್ತು. ನಿಯಮ ಕಾಗದದ ಮೇಲೆ ಅನುದಾನಕ್ಕೆ ಮಾತ್ರ ಸಂಬಂಧಿಸಿದ್ದು. ಆದರೂ ಹಣ ನಿಂತುಹೋಗುವ ಹೆದರಿಕೆಯಲ್ಲಿ ಕೌಂಟಿಗಳು ಕಾನೂನು ಕೇಳಿದ್ದಕ್ಕಿಂತ ಹೆಚ್ಚಿನ ಬೇಲಿ ಹಾಕಿಕೊಂಡವು. ಎಷ್ಟೋ ಕಡೆ ಮೊದಲ ಸಲ ಸಿಕ್ಕವರಿಗೆ ಮಾತ್ರ, ಕೆಲವೆಡೆ ಒಂದು ಫೆಲೊನಿಯವರೆಗೆ ಮಾತ್ರ ಎಂಬ ಸ್ಥಳೀಯ ಕಟ್ಟಳೆಗಳು ಬೆಳೆದವು. 2008ರಲ್ಲಿ ಕಾಂಗ್ರೆಸ್, ಒಂದು ವರ್ಷಕ್ಕಿಂತ ಹೆಚ್ಚಿನ ಸೆರೆವಾಸ ವಿಧಿಸಬಹುದಾದ ಆರೋಪಗಳಿಗೆ ಮಾತ್ರ ವ್ಯಾಖ್ಯೆ ಅನ್ವಯಿಸುವಂತೆ ಸ್ವಲ್ಪ ಸಡಿಲಿಸಿತು; ಹಳೆಯ ಹಿಂಸೆಯ ಶಿಕ್ಷೆಯ ಮಾತು ಹಾಗೆಯೇ ಉಳಿಯಿತು.

ಕಾನೂನಿನಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಬಾಗಿಲು ಕಾದವರು ಅಭಿಯೋಜಕರು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಕೌಂಟಿಯ ಮುಖ್ಯ ಅಭಿಯೋಜಕರು ಚುನಾವಣೆಯಲ್ಲಿ ಗೆದ್ದು ಬರುತ್ತಾರೆ. ಅನೇಕ ಡ್ರಗ್ ಕೋರ್ಟುಗಳಲ್ಲಿ ಅವರ ಒಪ್ಪಿಗೆಯಿಲ್ಲದೆ ನ್ಯಾಯಾಧೀಶರು ಯಾರನ್ನೂ ಸೇರಿಸಿಕೊಳ್ಳುವಂತಿರಲಿಲ್ಲ. ಚಿಕಿತ್ಸೆಗೆ ಕಳುಹಿಸಲು ನ್ಯಾಯಾಧೀಶರು ಮಾಡಿದ ತೀರ್ಮಾನವನ್ನು ಅಭಿಯೋಜಕರು ತಡೆಯುವುದು ಅಧಿಕಾರ ವಿಭಜನೆಯ ತತ್ತ್ವಕ್ಕೆ ವಿರುದ್ಧವೆಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1974ರಲ್ಲೇ ಹೇಳಿತ್ತಾದರೂ, ಆ ಮಾತು ರಾಜ್ಯದ ಗಡಿಯಾಚೆ ಹೆಚ್ಚು ದೂರ ಹೋಗಲಿಲ್ಲ. ಒಪ್ಪಿಗೆ ಯಾರ ಕೈಯಲ್ಲಿದೆಯೋ ಅವರು ಗೆಲ್ಲುವ ಕುದುರೆಗಳನ್ನೇ ಆರಿಸುವುದು ಸ್ವಾಭಾವಿಕ. ದಾಖಲೆ ಚೊಕ್ಕವಾಗಿರುವ, ಚಟವೂ ಅಷ್ಟಾಗಿ ಬೇರೂರದ ಯುವಕರನ್ನು ಸೇರಿಸಿಕೊಂಡು, ಕಾರ್ಯಕ್ರಮ ಮುಗಿಸಿದವರ ಪ್ರಮಾಣವನ್ನು ಹೆಮ್ಮೆಯಿಂದ ತೋರಿಸುವ ರೂಢಿ ಬೆಳೆಯಿತು. ಡೆನ್ವರಿನ ನ್ಯಾಯಾಧೀಶ ಮಾರಿಸ್ ಹಾಫ್‌ಮನ್ 2000ದಲ್ಲಿ ಬರೆದ ಕಟುವಾದ ಲೇಖನದಲ್ಲಿ, ಡ್ರಗ್ ಕೋರ್ಟ್ ಬಂದ ಮೇಲೆ ತಮ್ಮ ನಗರದಲ್ಲಿ ಮಾದಕ ವಸ್ತು ಮೊಕದ್ದಮೆಗಳು ಹಲವು ಪಟ್ಟು ಹೆಚ್ಚಿದವೆಂದು ತೋರಿಸಿದರು; ಮೊದಲು ಎಚ್ಚರಿಕೆ ಕೊಟ್ಟು ಬಿಡಬಹುದಾಗಿದ್ದ ಸಣ್ಣ ಪ್ರಕರಣಗಳೂ ಬಲೆಗೆ ಬೀಳತೊಡಗಿದ್ದವು. ಜೈಲಿಗೇ ಹೋಗದಿದ್ದವರನ್ನು ಜೈಲಿನಿಂದ ತಪ್ಪಿಸಿದ್ದಕ್ಕೆ ಸಂಸ್ಥೆ ಶ್ರೇಯಸ್ಸು ಪಡೆಯುತ್ತಿತ್ತು ಎನ್ನಲು ಹೆಚ್ಚಿನ ಅಳುಕು ಬೇಕಾಗಿಲ್ಲ.

ಇದಕ್ಕೆ ತದ್ವಿರುದ್ಧವಾದ ಪ್ರಯೋಗವೊಂದು ಮಯಾಮಿಯ ಮರುವರ್ಷವೇ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಆರಂಭವಾಗಿತ್ತೆಂಬುದು ಈ ಇತಿಹಾಸದ ಅತ್ಯಂತ ಕುತೂಹಲದ ಸಂಗತಿ. ಅದನ್ನು ಆರಂಭಿಸಿದವರು ಅಭಿಯೋಜಕರೇ ಎಂಬುದು ಇನ್ನೂ ಕುತೂಹಲದ್ದು. 1990ರಲ್ಲಿ ಬ್ರೂಕ್ಲಿನ್ ಪ್ರದೇಶವೇ ಆದ ಕಿಂಗ್ಸ್ ಕೌಂಟಿಯ ಅಭಿಯೋಜಕ ಚಾರ್ಲ್ಸ್ ಹೈನ್ಸ್ ಅವರ ಕಚೇರಿಯು, ಹಿಂದೆ ಫೆಲೊನಿಗೆ ಶಿಕ್ಷೆಯಾಗಿದ್ದು ಈಗ ಮತ್ತೆ ಮಾದಕ ವಸ್ತು ಪ್ರಕರಣದಲ್ಲಿ ಸಿಕ್ಕಿ, ರಾಕ್‌ಫೆಲ್ಲರ್ ಕಾನೂನಿನಂತೆ ಕಡ್ಡಾಯ ಸೆರೆವಾಸ ಎದುರಿಸುತ್ತಿದ್ದವರನ್ನೇ ಹುಡುಕಿ ಚಿಕಿತ್ಸೆಗೆ ಕಳುಹಿಸತೊಡಗಿತು. ಲೆಕ್ಕಾಚಾರ ಸರಳವಾಗಿತ್ತು: ಮೊದಲ ಸಲ ಸಿಕ್ಕವನಿಗೆ ಕೆಲವು ತಿಂಗಳ ಜೈಲು ಎರಡು ವರ್ಷದ ಚಿಕಿತ್ಸಾ ನಿವಾಸಕ್ಕಿಂತ ಹಗುರವಾಗಿ ಕಾಣಬಹುದು, ವರ್ಷಗಟ್ಟಲೆ ಸೆರೆವಾಸ ಎದುರಿಗಿರುವವನು ಚಿಕಿತ್ಸೆಯನ್ನು ಅಷ್ಟು ಸುಲಭವಾಗಿ ಬಿಟ್ಟುಹೋಗಲಾರ. 1998ರಿಂದ ಮೊದಲೇ ತಪ್ಪೊಪ್ಪಿಗೆ ಪಡೆದು, ಶಿಕ್ಷೆಯನ್ನು ಮಾತ್ರ ಮುಂದೂಡುವ ಕ್ರಮಕ್ಕೆ ಕಚೇರಿ ಬದಲಾಯಿಸಿಕೊಂಡಿತು. ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ವ್ಯಸನ ಅಧ್ಯಯನ ಕೇಂದ್ರವೊಂದು 2003ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಂತೆ, ಈ ಚಿಕಿತ್ಸೆ ಪಡೆದವರು ಸೆರೆಮನೆಗೆ ಹೋದ ಅಂಥದೇ ಅಪರಾಧಿಗಳಿಗಿಂತ ಮರಳಿ ಸೆರೆಮನೆ ಸೇರುವುದು ಬಹಳ ಕಡಿಮೆಯಿತ್ತು. ತಲಾ ತಗಲಿದ ವೆಚ್ಚವೂ ಸೆರೆವಾಸದ ಸುಮಾರು ಅರ್ಧದಷ್ಟಿತ್ತು. ಬೆದರಿಕೆಯ ಬಲದ ಮೇಲೆ ನಿಂತ ಚಿಕಿತ್ಸೆಯ ನೈತಿಕತೆಯ ಬಗ್ಗೆ ಏನೇ ಹೇಳಬಹುದಾದರೂ, ಮರಳಿ ಮರಳಿ ಬಂದವರಿಗೆ ಚಿಕಿತ್ಸೆ ಹಿಡಿಸದೆಂಬ 1966ರ ಊಹೆಗೆ ಬ್ರೂಕ್ಲಿನ್ ನೇರ ಪೆಟ್ಟು ಕೊಟ್ಟಿತ್ತು.

ವಿದ್ವಾಂಸರು ಅದೇ ಹೊತ್ತಿಗೆ ಬೇರೆ ದಾರಿಯಿಂದ ಅದೇ ಜಾಗಕ್ಕೆ ಬರುತ್ತಿದ್ದರು. ಕೆನಡಾದ ಮನಶ್ಶಾಸ್ತ್ರಜ್ಞರಾದ ಡಾನ್ ಆಂಡ್ರ್ಯೂಸ್ ಮತ್ತು ಜೇಮ್ಸ್ ಬಾಂಟಾ ಮತ್ತವರ ಸಹೋದ್ಯೋಗಿಗಳು 1990ರಲ್ಲಿ ಮಂಡಿಸಿದ ‘ಅಪಾಯ ತತ್ತ್ವ’ದ ಪ್ರಕಾರ, ಮತ್ತೆ ಅಪರಾಧ ಮಾಡುವ ಸಂಭವ ಹೆಚ್ಚಿರುವವರ ಮೇಲೆಯೇ ತೀವ್ರವಾದ ಸುಧಾರಣಾ ಕಾರ್ಯಕ್ರಮಗಳು ಹೆಚ್ಚು ಫಲ ಕೊಡುತ್ತವೆ, ಸಂಭವ ಕಡಿಮೆಯಿರುವವರನ್ನು ಅದೇ ಕಾರ್ಯಕ್ರಮಕ್ಕೆ ದೂಡಿದರೆ ಹಾನಿಯೂ ಆಗಬಹುದು. ಡಗ್ಲಸ್ ಮಾರ್ಲೋ ಮತ್ತು ಸಂಗಡಿಗರು ಡೆಲವೇರ್ ರಾಜ್ಯದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಎರಡು ವಾರಕ್ಕೊಮ್ಮೆ ನ್ಯಾಯಾಧೀಶರ ಮುಂದೆ ಹಾಜರಾಗುವ ಕ್ರಮದಿಂದ ಸ್ಪಷ್ಟ ಲಾಭ ಪಡೆದವರು ಹಳೆಯ ಚಿಕಿತ್ಸೆಗಳಲ್ಲಿ ಸೋತವರು ಮತ್ತು ಸಮಾಜವಿರೋಧಿ ಪ್ರವೃತ್ತಿಯವರು; ಉಳಿದವರಿಗೆ ಅಂಥ ಹಾಜರಿ ಇದ್ದರೂ ಇಲ್ಲದಿದ್ದರೂ ಫಲಿತಾಂಶ ಹೆಚ್ಚುಕಡಿಮೆ ಒಂದೇ. ವಾಷಿಂಗ್ಟನ್ನಿನ ಅರ್ಬನ್ ಇನ್‌ಸ್ಟಿಟ್ಯೂಟ್ 2008ರಲ್ಲಿ ಲೆಕ್ಕ ಹಾಕಿದಾಗ, ಬಂಧಿತರಲ್ಲಿ ಮಾದಕ ವ್ಯಸನದ ಅಪಾಯದಲ್ಲಿದ್ದವರು ಸುಮಾರು 15 ಲಕ್ಷ. ಅವರಲ್ಲಿ ಆಗಿನ ಅರ್ಹತಾ ನಿಯಮಗಳಿಗೆ ಹೊಂದುತ್ತಿದ್ದವರು ಸುಮಾರು 1,09,000. ಡ್ರಗ್ ಕೋರ್ಟುಗಳಲ್ಲಿ ಚಿಕಿತ್ಸೆ ಸಿಗುತ್ತಿದ್ದುದು ಸುಮಾರು 55,000 ಮಂದಿಗೆ. 23 ಡ್ರಗ್ ಕೋರ್ಟುಗಳನ್ನು ಇತರ ಆರು ಸ್ಥಳಗಳೊಂದಿಗೆ ಹೋಲಿಸಿ 2011ರಲ್ಲಿ ಹೊರಬಂದ ದೊಡ್ಡ ಅಧ್ಯಯನ, ಹಿಂಸೆಯ ಇತಿಹಾಸವಿದ್ದವರಲ್ಲೂ ಅಪರಾಧ ಗಮನಾರ್ಹವಾಗಿ ಇಳಿದುದನ್ನು ಕಂಡಿತು. ಡ್ರಗ್ ಕೋರ್ಟ್ ವೃತ್ತಿಪರರ ರಾಷ್ಟ್ರೀಯ ಸಂಘಟನೆ 2013ರಲ್ಲಿ ಪ್ರಕಟಿಸಿದ ಮಾನದಂಡಗಳು ಮೊದಲ ಅಧ್ಯಾಯದಲ್ಲೇ ನಿಲುವನ್ನು ತಿರುಗಿಸಿದವು: ಹಳೆಯ ಅಥವಾ ಹೊಸ ಅಪರಾಧದ ಕಾರಣಕ್ಕೆ ಯಾರನ್ನಾದರೂ ಹೊರಗಿಡಬೇಕಾದರೆ, ಅಂಥವರನ್ನು ಸುರಕ್ಷಿತವಾಗಿ ನಿಭಾಯಿಸಲಾಗದೆಂಬುದಕ್ಕೆ ಪುರಾವೆ ಬೇಕು. 1974ರಲ್ಲಿ ಊಹೆ ಸಾಕಾಗಿದ್ದ ಜಾಗದಲ್ಲಿ ಈಗ ಹೊರಗಿಡುವವರೇ ಕಾರಣ ತೋರಿಸಬೇಕಾಯಿತು. ಆದರೆ ಮಾನದಂಡ ಕಾನೂನಲ್ಲ. ಒಕ್ಕೂಟದ ಅನುದಾನದ ಷರತ್ತು ಕಾನೂನು.

ರಾಜ್ಯಗಳ ಶಾಸನಗಳು ಅಲ್ಲಲ್ಲಿ, ಅಳುಕುತ್ತಲೇ ಬದಲಾದವು. ಕ್ಯಾಲಿಫೋರ್ನಿಯಾದ ಮತದಾರರು 2000ದ ನವೆಂಬರಿನಲ್ಲಿ ಅಂಗೀಕರಿಸಿದ 36ನೆಯ ಪ್ರಸ್ತಾವ, ಬಳಕೆಗಾಗಿ ಮಾದಕ ವಸ್ತು ಇಟ್ಟುಕೊಂಡವರಿಗೆ ಸೆರೆವಾಸದ ಬದಲು ಚಿಕಿತ್ಸೆಯನ್ನು ಹಕ್ಕೆಂಬಂತೆ ಮಾಡಿತು. ಗಂಭೀರ ಅಥವಾ ಹಿಂಸೆಯ ಫೆಲೊನಿಯ ಇತಿಹಾಸವಿದ್ದವರೂ ಐದು ವರ್ಷ ಸೆರೆಮನೆಯಿಂದ ಮತ್ತು ಹೊಸ ಫೆಲೊನಿಯಿಂದ ದೂರವಿದ್ದರೆ ಅರ್ಹರಾಗಬಹುದಿತ್ತು. ಹಳೆಯ ಅಪರಾಧಕ್ಕೂ ಕಾಲಮಿತಿಯಿರಬಹುದೆಂಬ ಈ ಕಲ್ಪನೆ ಸಣ್ಣದಲ್ಲ. ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 2007ರಲ್ಲಿ, ವಿಶೇಷ ಪ್ರೊಬೇಷನ್ ನಿಯಮಕ್ಕೆ ಹೊಂದದವರನ್ನೂ ಸಾಮಾನ್ಯ ಪ್ರೊಬೇಷನ್ ಕಾನೂನಿನಡಿ, ಅಂದರೆ ಸೆರೆಮನೆಯ ಹೊರಗೆ ಅಧಿಕಾರಿಯ ಉಸ್ತುವಾರಿಯಲ್ಲಿ ಇರಿಸುವ ಅಧಿಕಾರದಡಿ, ಡ್ರಗ್ ಕೋರ್ಟಿಗೆ ಸೇರಿಸಬಹುದೆಂದು ಹೇಳಿತು. ದೊಡ್ಡ ಬದಲಾವಣೆ ಬಂದಿದ್ದು ರಾಕ್‌ಫೆಲ್ಲರ್ ಅವರ ನ್ಯೂಯಾರ್ಕಿನಲ್ಲೇ. ಗವರ್ನರ್ ಡೇವಿಡ್ ಪ್ಯಾಟರ್ಸನ್ 2009ರಲ್ಲಿ ಸಹಿ ಹಾಕಿದ ಸುಧಾರಣೆಯಿಂದ, ಎರಡನೆಯ ಫೆಲೊನಿಗೆ ಸಿಕ್ಕ ವ್ಯಸನಿಯನ್ನೂ ಅಭಿಯೋಜಕರ ಒಪ್ಪಿಗೆಯಿಲ್ಲದೆ ಚಿಕಿತ್ಸೆಗೆ ಕಳುಹಿಸುವ ಅಧಿಕಾರ ನ್ಯಾಯಾಧೀಶರಿಗೆ ಬಂತು. ಹಿಂದಿನ ಹತ್ತು ವರ್ಷಗಳಲ್ಲಿ ಹಿಂಸೆಯ ಫೆಲೊನಿಗೆ ಶಿಕ್ಷೆಯಾದವರು ಹೊರಗುಳಿದರು. ಅವರ ಮಟ್ಟಿಗೆ ಅಭಿಯೋಜಕರ ಒಪ್ಪಿಗೆಯೇ ಮತ್ತೆ ಕೀಲಿಕೈಯಾಯಿತು.

ಭಾರತದಲ್ಲಿ ಡ್ರಗ್ ಕೋರ್ಟ್ ಎಂಬ ಸಂಸ್ಥೆ ಬೆಳೆಯಲಿಲ್ಲವಾದರೂ, 1985ರ ಮಾದಕ ದ್ರವ್ಯ ಮತ್ತು ಮನೋಪ್ರಭಾವಿ ವಸ್ತುಗಳ ಕಾಯ್ದೆಯಲ್ಲಿ ಇದೇ ಒಗಟಿನ ಎಳೆಗಳಿರುವುದನ್ನು ಪ್ರಾಸಂಗಿಕವಾಗಿ ಗಮನಿಸಬಹುದು. ಅದರ 39ನೆಯ ಕಲಮು, ವ್ಯಸನಿಯ ವಯಸ್ಸು, ನಡತೆ ಮತ್ತು ಪೂರ್ವೇತಿಹಾಸಗಳನ್ನು ನೋಡಿ ಚಿಕಿತ್ಸೆಗೆ ಬಿಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಡುತ್ತದೆ. 31ನೆಯ ಕಲಮು ಹಿಂದೆ ಶಿಕ್ಷೆಯಾದವನಿಗೆ ಹೆಚ್ಚಿನ ದಂಡನೆಯನ್ನು ಹೇಳುತ್ತದೆ. ಚಿಕಿತ್ಸೆಗೆ ಬಿಡುವ 39ನೆಯ ಕಲಮಿನ ಮಟ್ಟಿಗಾದರೂ ಪೂರ್ವೇತಿಹಾಸವೆಂಬುದು ಕಟ್ಟುನಿಟ್ಟಿನ ಸಂಖ್ಯೆಯಾಗದೆ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಾಗಿದೆ.

ಕ್ಯಾಲಿಫೋರ್ನಿಯಾದ ಮತಪತ್ರದಲ್ಲಿ 2024ರ ನವೆಂಬರಿನಲ್ಲಿ ಮತ್ತೊಂದು 36ನೆಯ ಪ್ರಸ್ತಾವ ಕಾಣಿಸಿಕೊಂಡಿತು. ಸಂಖ್ಯೆ ಹಳೆಯದೇ ಆದರೂ ಒಳಗಿನ ಮಾತು ಬೇರೆ. 2014ರಿಂದ ಆ ರಾಜ್ಯದಲ್ಲಿ ಬಳಕೆಗಾಗಿ ಮಾದಕ ವಸ್ತು ಇಟ್ಟುಕೊಳ್ಳುವುದು ಬಹುಮಟ್ಟಿಗೆ ಲಘು ಅಪರಾಧವಾಗಿತ್ತು. ಫೆಂಟನಿಲ್ ಎಂಬ ಪ್ರಬಲ ಮಾದಕ ವಸ್ತುವಿನಿಂದಾದ ಸಾವುಗಳ ಆತಂಕದ ನಡುವೆ ಮತದಾರರು ದೊಡ್ಡ ಬಹುಮತದಿಂದ ಒಪ್ಪಿದ ಹೊಸ ಕಾನೂನು, ಫೆಂಟನಿಲ್, ಹೆರಾಯಿನ್, ಕೊಕೇನ್ ಅಥವಾ ಮೆಥಾಂಫೆಟಮಿನ್ ಇಟ್ಟುಕೊಂಡು ಸಿಕ್ಕವನಿಗೆ ಹಿಂದೆ ಎರಡು ಅಥವಾ ಹೆಚ್ಚು ಮಾದಕ ವಸ್ತು ಶಿಕ್ಷೆಗಳಾಗಿದ್ದರೆ, ಆತನ ಮೇಲೆ ‘ಚಿಕಿತ್ಸೆ ಕಡ್ಡಾಯವಾದ ಫೆಲೊನಿ’ ಹೊರಿಸಲು ಅವಕಾಶ ಕೊಟ್ಟಿತು: ಚಿಕಿತ್ಸೆ ಮುಗಿಸಿದರೆ ಆರೋಪ ವಜಾ, ಇಲ್ಲವಾದರೆ ಮೂರು ವರ್ಷಗಳವರೆಗೆ ಸೆರೆವಾಸ. 1966ರಲ್ಲಿ ಎರಡು ಹಳೆಯ ಶಿಕ್ಷೆಗಳು ಚಿಕಿತ್ಸೆಯಿಂದ ಹೊರದೂಡುತ್ತಿದ್ದವು. ಈಗ ಎರಡು ಹಳೆಯ ಶಿಕ್ಷೆಗಳಿರುವವನೇ ಈ ಚಿಕಿತ್ಸೆಗೆ ಗುರಿಯಾಗುತ್ತಾನೆ, ಫೆಲೊನಿಯ ಹಣೆಪಟ್ಟಿಯ ಭಯದೊಂದಿಗೆ. ಬ್ರೂಕ್ಲಿನ್ ಪ್ರಯೋಗದ ತರ್ಕ ಇಡೀ ರಾಜ್ಯದ ಕಾನೂನಾಯಿತೆನ್ನಬಹುದು, ಒಂದು ವ್ಯತ್ಯಾಸದೊಡನೆ: ಬ್ರೂಕ್ಲಿನ್ನಿನಲ್ಲಿ ಆರೋಪಿಯನ್ನು ಚಿಕಿತ್ಸಾ ನಿವಾಸಕ್ಕೆ ಕಳುಹಿಸಲಾಗುತ್ತಿತ್ತು, ಕ್ಯಾಲಿಫೋರ್ನಿಯಾದ ಪ್ರಸ್ತಾವ ಚಿಕಿತ್ಸೆಗೆಂದು ಹೊಸ ಹಣವನ್ನೇ ಒದಗಿಸಲಿಲ್ಲ, ಆ ಭಾರ ಕೌಂಟಿಗಳ ಮೇಲೆ ಬಿತ್ತು.